ಒಪ್ಪಿಗೆ ಬರುವ ತನಕ ಎಲ್ಲೂ ಇಲ್ಲ

ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶವನ್ನು ಐದು ಗುಂಪಿಗೆ ಫಾರ್ವರ್ಡ್ ಮಾಡಿದರೆ ಐದು ಪ್ರತಿಗಳಾಗುತ್ತವೆ. ಒಂದು ಗುಂಪಿನ ಅಡ್ಮಿನ್ ಅಳಿಸಿ ಹಾಕಿದರೂ ಉಳಿದ ನಾಲ್ಕು ಕಡೆ ಅದು ಆರಾಮವಾಗಿ ಓಡಾಡಿಕೊಂಡಿರುತ್ತದೆ. 1980ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೂಸ್‌ನೆಟ್ ಎಂಬ ಚರ್ಚಾಗುಂಪುಗಳ ಜಾಲ ಈ ವಿಷಯದಲ್ಲಿ ಹೆಚ್ಚು ಜಾಣ. ಅಲ್ಲಿ ಬರಹದ ತಲೆಯಲ್ಲಿ ‘ನ್ಯೂಸ್‌ಗ್ರೂಪ್ಸ್’ ಎಂಬ ಸಾಲಿರುತ್ತದೆ. ಎಷ್ಟು ಗುಂಪು ಬೇಕೋ ಅಷ್ಟರ ಹೆಸರನ್ನು ಅಲ್ಪವಿರಾಮ ಹಾಕಿ ಬರೆದರಾಯಿತು. ಬರಹ ಒಂದೇ, ಗುರುತಿನ ಸಂಖ್ಯೆ ಒಂದೇ. ಒಂದು ಗುಂಪಿನಲ್ಲಿ ಓದಿದ್ದನ್ನು ಒಳ್ಳೆಯ ತಂತ್ರಾಂಶ ಇನ್ನೊಂದರಲ್ಲಿ ಮತ್ತೆ ತೋರಿಸುವುದಿಲ್ಲ. 1994ರಲ್ಲಿ ಅರಿಜೋನಾದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಬಿಡಿಬಿಡಿಯಾಗಿ ತುರುಕಿದಾಗ ಜನ ಅಷ್ಟು ರೇಗಿದ್ದಕ್ಕೆ ಇದೂ ಒಂದು ಕಾರಣ: ಹೋದಲ್ಲೆಲ್ಲ ಅದೇ ಎದುರಾಗುತ್ತಿತ್ತು.

ತೊಡಕು ಶುರುವಾಗುವುದು ಪಟ್ಟಿಯಲ್ಲಿ ಒಂದು ಗುಂಪಿಗೆ ಮಾಡರೇಟರ್, ಅಂದರೆ ಬರಹವನ್ನು ಓದಿ ಒಪ್ಪಿಗೆ ಕೊಡುವವರು, ಇದ್ದಾಗ. ಸಿ ಭಾಷೆಯ ಬಗ್ಗೆ ಒಬ್ಬರಿಗೆ ಸಂದೇಹವಿದೆ ಎನ್ನಿ. ಅವರು ‘ಕಾಂಪ್.ಲ್ಯಾಂಗ್.ಸಿ’ ಎಂಬ ಮುಕ್ತ ಗುಂಪಿಗೂ ‘ಕಾಂಪ್.ಲ್ಯಾಂಗ್.ಸಿ.ಮಾಡರೇಟೆಡ್’ಗೂ ಒಟ್ಟಿಗೆ ಪ್ರಶ್ನೆ ಹಾಕುತ್ತಾರೆ. ಸರ್ವರ್ ನೋಡುತ್ತದೆ: ‘ಅಪ್ರೂವ್ಡ್’ ಎಂಬ ಒಪ್ಪಿಗೆಯ ಸಾಲಿಲ್ಲ. ಪ್ರಶ್ನೆಯನ್ನು ಮಾಡರೇಟರ್‌ಗೆ ಇಮೇಲ್ ಮಾಡಿ ಕೈತೊಳೆದುಕೊಳ್ಳುತ್ತದೆ. ಮುಕ್ತ ಗುಂಪಿನಲ್ಲೂ ಅದು ಕಾಣಿಸುವುದಿಲ್ಲ. ಒಪ್ಪಿಗೆ ಸಿಕ್ಕ ಮೇಲೆ ಎರಡೂ ಕಡೆ ಒಮ್ಮೆಗೇ ಪ್ರತ್ಯಕ್ಷ. ಕಾವಲಿನ ಗುಂಪು ಎರಡಿದ್ದರೆ ಮೊದಲ ಮಾಡರೇಟರ್ ಒಪ್ಪಿ ಮುಂದಿನವರಿಗೆ ದಾಟಿಸಬೇಕು.

ಇದು ಅಧಿಕಾರದ ದಾಹದಿಂದ ಹುಟ್ಟಿದ ನಿಯಮವಲ್ಲ. ಬರಹವನ್ನು ಮುಕ್ತ ಗುಂಪಿನಲ್ಲಿ ಮೊದಲೇ ಬಿಟ್ಟರೆ ಅದರ ಗುರುತಿನ ಸಂಖ್ಯೆ ಜಗತ್ತಿನ ಸರ್ವರ್‌ಗಳಿಗೆಲ್ಲ ತಲುಪಿರುತ್ತದೆ. ಆಮೇಲೆ ಮಾಡರೇಟರ್ ಅದೇ ಸಂಖ್ಯೆಯಲ್ಲಿ ಕಳಿಸಿದ್ದನ್ನು ಅವು ‘ಇದು ನಮ್ಮಲ್ಲಿದೆ’ ಎಂದು ತಳ್ಳಿಬಿಡುತ್ತವೆ. ಒಂದೇ ಪ್ರತಿ ಸಾಕು ಎಂಬ ಜಾಣತನಕ್ಕೆ ತೆತ್ತ ಬೆಲೆ ಇದು.

ಆದರೂ ಅನ್ಯಾಯ ಅನ್ಯಾಯವೇ. ಕಾವಲಿಲ್ಲದ ಗುಂಪಿನ ಮಾತಿಗೆ ಪಕ್ಕದ ಗುಂಪಿನವರ ಅಪ್ಪಣೆ ಏಕೆ ಬೇಕು? ಪ್ರಶ್ನೆಗಿಂತ ಕೆಟ್ಟ ಪಾಡು ಉತ್ತರದ್ದು. ಉತ್ತರವೂ ಮೂಲದ ಗುಂಪುಗಳ ಪಟ್ಟಿಯನ್ನೇ ಹೊತ್ತುಕೊಂಡು ಹೊರಡುತ್ತದೆ. ಮುಕ್ತ ಗುಂಪಿನಲ್ಲಿ ಓದಿ ಥಟ್ಟನೆ ಎರಡು ಸಾಲು ಬರೆದವರ ಮಾತು ಅವರಿಗೆ ತಿಳಿಯದೆಯೇ ಮಾಡರೇಟರ್ ಪೆಟ್ಟಿಗೆ ಸೇರುತ್ತದೆ. ಮಾಡರೇಟರೋ ಸಂಬಳವಿಲ್ಲದ ದುಡಿಮೆಗಾರ. ಕಚೇರಿ ಮುಗಿಸಿ, ಊಟ ಮುಗಿಸಿ ನೋಡಬೇಕು. ಬರೆದವರಿಗೆ ಸರ್ವರ್‌ನಿಂದ ಬರುವುದು 240 ಎಂಬ ಸಂಕೇತ. ಅದರರ್ಥ ‘ತಲುಪಿತು’ ಎಂದಷ್ಟೇ, ‘ಪ್ರಕಟವಾಯಿತು’ ಎಂದಲ್ಲ. ಕಾಣಿಸಲಿಲ್ಲವಲ್ಲ ಎಂದು ಅವರು ಮತ್ತೊಮ್ಮೆ ಕಳಿಸುತ್ತಾರೆ.

ಇಷ್ಟೆಲ್ಲ ಬಿಗಿಯಾದ ಬಾಗಿಲಿಗೆ ಬೀಗವೇ ಇರಲಿಲ್ಲ ಎಂಬುದು ತಮಾಷೆ. ‘ಅಪ್ರೂವ್ಡ್’ ಸಾಲನ್ನು ಯಾರು ಬೇಕಾದರೂ ಟೈಪ್ ಮಾಡಬಹುದಿತ್ತು. ‘ಆಲ್ಟ್.ಹ್ಯಾಕರ್ಸ್’ ಗುಂಪಂತೂ ಅದನ್ನೇ ಪ್ರವೇಶ ಪರೀಕ್ಷೆ ಮಾಡಿಕೊಂಡಿತು: ಮಾಡರೇಟರೇ ಇಲ್ಲ, ಒಪ್ಪಿಗೆಯನ್ನು ನೀವೇ ಬರೆದುಕೊಂಡು ಒಳಗೆ ಬನ್ನಿ.

ಹಾಗಂತ ಕಾವಲೇ ಬೇಡ ಎನ್ನಲಾರೆ. ‘ಸಾಕ್.ಕಲ್ಚರ್.ಇಂಡಿಯನ್’ ಮತ್ತು ‘ಸಾಕ್.ಕಲ್ಚರ್.ಪಾಕಿಸ್ತಾನ್’ ಎರಡೂ ಮುಕ್ತ ಗುಂಪುಗಳು. ಎರಡಕ್ಕೂ ಒಟ್ಟಿಗೆ ಹಾಕಿದ ಬರಹದ ಹಿಂದೆ ಬೈಗುಳದ ಮೆರವಣಿಗೆಯೇ ಹೊರಡುತ್ತಿತ್ತು. ತಡೆಯುವವರು ಯಾರೂ ಇರಲಿಲ್ಲ.

ಮದ್ದು ಯೂಸ್‌ನೆಟ್‌ನ ಒಳಗೇ ಇತ್ತು, ‘ಫಾಲೋಅಪ್-ಟು’ ಎಂಬ ಸಾಲಿನ ರೂಪದಲ್ಲಿ. ಬರಹ ಎಲ್ಲಿ ಬೇಕಾದರೂ ಕಾಣಿಸಲಿ, ಉತ್ತರಗಳು ಮಾತ್ರ ಈ ಗುಂಪಿಗೆ ಬರಲಿ ಎಂದು ಅದು ಹೇಳುತ್ತದೆ. ‘ರೆಕ್.ಆರ್ಟ್ಸ್.ಮೂವೀಸ್.ರಿವ್ಯೂಸ್’ನಲ್ಲಿ ಸಿನಿಮಾ ವಿಮರ್ಶೆ ಮಾಡರೇಟರ್ ಕಣ್ಣು ದಾಟಿ ಬರುತ್ತಿತ್ತು, ಜಗಳ ಮುಕ್ತ ಗುಂಪಿನಲ್ಲಿ ನಡೆಯುತ್ತಿತ್ತು. ಇದಕ್ಕಿಂತ ಹದವಾದ ಏರ್ಪಾಡನ್ನು ನಾನು ಕಂಡಿಲ್ಲ. ದುರದೃಷ್ಟಕ್ಕೆ ಆ ಸಾಲನ್ನು ತುಂಬುವುದು ಬರೆಯುವವರ ಇಷ್ಟಕ್ಕೆ ಬಿಟ್ಟದ್ದು. ಬಹಳಷ್ಟು ಜನ ತುಂಬಲಿಲ್ಲ. 2009ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದಾಗಲೂ ಅದು ಐಚ್ಛಿಕವಾಗಿಯೇ ಉಳಿಯಿತು. ಕಾವಲಿರುವ ಗುಂಪಿನ ಹೆಸರು ಪಟ್ಟಿಯಲ್ಲಿದ್ದಾಗಲಾದರೂ ಅದನ್ನು ಕಡ್ಡಾಯ ಮಾಡಬೇಕಿತ್ತು.