ಸ್ನೇಹಲತಾ ರೆಡ್ಡಿಯವರ ಸೆರೆಮನೆಯ ದಿನಚರಿ: ಒಂದು ವಿಮರ್ಶೆ

ಸರ್ವಾಧಿಕಾರವನ್ನು ಎದುರಿಸಿದ ಕುಟುಂಬಗಳ ಚರಿತ್ರೆಯನ್ನು ಬರೆಯುವಾಗ ನಮ್ಮ ಲೇಖಕರು ಒಂದು ಕ್ರಿಯಾಪದವನ್ನು ಮೇಲಿಂದ ಮೇಲೆ ಬಳಸುವುದುಂಟು. ಮನೆಯ ಹೆಣ್ಣುಮಕ್ಕಳು ಹೋರಾಟಕ್ಕೆ 'ಎಳೆಯಲ್ಪಟ್ಟರು' ಎಂದು ಅವರು ಬರೆಯುತ್ತಾರೆ. ಗಂಡನೋ ಅಣ್ಣನೋ ಮಗನೋ ಮೊದಲು ಹೊರಡುತ್ತಾನೆ. ಹೆಂಗಸರು ಅವನನ್ನು ಹಿಂಬಾಲಿಸುತ್ತಾರೆ, ಇಲ್ಲವೆ ಅವನ ಪಾಲಿನ ದಂಡವನ್ನು ತಾವು ತೆರುತ್ತಾರೆ ಎಂಬುದು ಆ ಪದದ ಹಿಂದಿರುವ ಭಾವನೆ. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಎರಡು ಗ್ರಂಥಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು, ೧೯೭೭ರಲ್ಲಿ ಕರ್ನಾಟಕ ರಾಜ್ಯದ ಮಾನವ ಹಕ್ಕುಗಳ ಸಮಿತಿಯು ಇಂಗ್ಲಿಷಿನಲ್ಲಿ ಪ್ರಕಟಿಸಿದ ಸ್ನೇಹಲತಾ ರೆಡ್ಡಿಯವರ ಸೆರೆಮನೆಯ ದಿನಚರಿ. ಇನ್ನೊಂದು, ಡೊಮಿನಿಕನ್ ಗಣರಾಜ್ಯದ ಮಿರಬಾಲ್ ಸಹೋದರಿಯರನ್ನು ಕುರಿತು ಜೂಲಿಯಾ ಆಲ್ವರೆಜ್ ೧೯೯೪ರಲ್ಲಿ ಪ್ರಕಟಿಸಿದ 'ಇನ್ ದ ಟೈಮ್ ಆಫ್ ದ ಬಟರ್‌ಫ್ಲೈಸ್' ಎಂಬ ಕಾದಂಬರಿ. ಮೊದಲನೆಯದೇ ನಮ್ಮ ಮುಖ್ಯ ವಿಷಯ. ಎರಡನೆಯದು ಅದನ್ನು ಅಳೆದು ನೋಡಲು ಬಳಸಿದ ಒರೆಗಲ್ಲು.

ಸ್ನೇಹಲತಾ (೧೯೩೨–೧೯೭೭) ಅವರನ್ನು ಕನ್ನಡಿಗರು ಬಲ್ಲುದು ೧೯೭೦ರ 'ಸಂಸ್ಕಾರ' ಚಲನಚಿತ್ರದ ಚಂದ್ರಿಯಾಗಿ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು. ನಿರ್ದೇಶಕರಾದ ಪಟ್ಟಾಭಿರಾಮ ರೆಡ್ಡಿಯವರು ಆಕೆಯ ಪತಿ, ತೆಲುಗಿನ ಹೆಸರಾಂತ ಕವಿ. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾರ ವಿಚಾರಗಳಿಗೆ ಒಲಿದವರು. ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕದಿಂದ ಹುಟ್ಟಿದ 'ಚಂಡಮಾರುತ' ಚಿತ್ರವೂ ಇದೇ ಮನೆಯ ಕೂಸು. ೧೯೭೫ರ ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾದ ಮೇಲೆ ಭೂಗತರಾದ ಜಾರ್ಜ್ ಫರ್ನಾಂಡಿಸರೊಡನೆ ಈ ಕುಟುಂಬಕ್ಕೆ ಸ್ನೇಹವೂ ಸಂಪರ್ಕವೂ ಇದ್ದಿತು. ೧೯೭೬ರ ಮೇ ೨ರಂದು ಸ್ನೇಹಲತಾ ಬಂಧಿತರಾದರು. ಬರೋಡಾ ಡೈನಮೈಟ್ ಪ್ರಕರಣದ ಸಂಬಂಧದಲ್ಲಿ ಹಿಡಿಯಲ್ಪಟ್ಟರೂ ಆ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಆದಾಗ್ಯೂ 'ಮೀಸಾ' ಕಾಯಿದೆಯ ಅಡಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಅವರ ಬಂಧನ ಮುಂದುವರಿಯಿತು. ಮೊದಲಿನಿಂದಲೂ ಇದ್ದ ಅಸ್ತಮಾ ಅಲ್ಲಿ ಉಲ್ಬಣಿಸಿತು. ೧೯೭೭ರ ಜನವರಿ ೧೫ರಂದು ಪೆರೋಲಿನ ಮೇಲೆ ಹೊರಬಂದವರು ಐದೇ ದಿನಗಳಲ್ಲಿ, ಜನವರಿ ೨೦ರಂದು, ತೀರಿಕೊಂಡರು.

ಈ ಬಂಧನದ ಹೊತ್ತಿಗೆ ಕಾನೂನಿನ ಬಾಗಿಲು ಮುಚ್ಚಿದ್ದಿತೆಂಬುದನ್ನು ಗಮನಿಸಬೇಕು. ಮೀಸಾ ಬಂಧಿಗಳ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದೆಂದು ಹಲವು ಉಚ್ಚ ನ್ಯಾಯಾಲಯಗಳು ಹೇಳಿದ್ದವು. ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ತುರ್ತುಪರಿಸ್ಥಿತಿಯಲ್ಲಿ ಬಂಧಿಯು ಹೇಬಿಯಸ್ ಕಾರ್ಪಸ್ ಕೇಳುವಂತಿಲ್ಲವೆಂದು ತೀರ್ಪಿತ್ತುದು ೧೯೭೬ರ ಏಪ್ರಿಲ್ ೨೮ರಂದು. ಐವರಲ್ಲಿ ಭಿನ್ನಮತ ಸೂಚಿಸಿದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ಆ ತೀರ್ಪು ಹೊರಬಿದ್ದ ನಾಲ್ಕನೆಯ ದಿನ ಸ್ನೇಹಲತಾ ಸೆರೆಯಾದರು. ಅದು ತಪ್ಪೆಂದು ಅದೇ ನ್ಯಾಯಾಲಯವು ಘೋಷಿಸಿದುದು ೨೦೧೭ರಲ್ಲಿ, ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ.

ಇನ್ನು ದಿನಚರಿಯನ್ನು ಕುರಿತು. ಇದನ್ನು ಓದುವವರಿಗೆಲ್ಲ ಬರೆದಾಕೆಯ ಮರಣವು ಮೊದಲೇ ತಿಳಿದಿರುತ್ತದೆ. ಆದುದರಿಂದ ಅವರು ಪುಟಪುಟದಲ್ಲಿಯೂ ಸಾವಿನ ಸೂಚನೆಯನ್ನು ಹುಡುಕುತ್ತಾರೆ. ಏನೂ ಅರಿಯದ ಕಲಾವಿದೆಯೊಬ್ಬಳು ಗೆಳೆತನದ ತಪ್ಪಿಗೆ ಬಲಿಯಾದಳೆಂದು ಮರುಗಿ ಪುಸ್ತಕವನ್ನು ಮುಚ್ಚುತ್ತಾರೆ. ಈ ಮರುಕ ಸಹಜವಾದುದು. ಆದರೆ ಅದು ಗ್ರಂಥದ ಅರ್ಧಭಾಗವನ್ನು ಓದದೆ ಬಿಡುತ್ತದೆ. ಕಾನೂನಿನ ದೃಷ್ಟಿಯಿಂದ ಆಕೆ ನಿರಪರಾಧಿ ಎಂಬುದರಲ್ಲಿ ಸಂಶಯವಿಲ್ಲ. ರಾಜಕೀಯ ದೃಷ್ಟಿಯಿಂದ ಆಕೆ ಮುಗ್ಧೆಯಾಗಿರಲಿಲ್ಲ. ಈ ಎರಡನ್ನೂ ಒಂದೇ ಮಾಡಿದಾಗ ಆಕೆ ತಾನಾಗಿ ಆರಿಸಿಕೊಂಡುದನ್ನು ನಾವು ಆಕೆಯಿಂದ ಕಸಿದುಕೊಂಡಂತಾಗುತ್ತದೆ.

ದಿನಚರಿಯೇ ಇದಕ್ಕೆ ಸಾಕ್ಷಿ. ಇಕ್ಕಟ್ಟಾದ ಕೋಣೆ, ಒಂಟಿತನ, ಉಸಿರುಕಟ್ಟುವ ರಾತ್ರಿಗಳು ಅದರಲ್ಲಿ ಬರುತ್ತವೆ, ನಿಜ. ಅದೇ ಕಾಲಕ್ಕೆ ಮಧು ದಂಡವತೆಯವರು ಆ ಸೆರೆಮನೆಯಲ್ಲಿದ್ದರು. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀತ್ಕಾರ ಕೇಳಿಬರುತ್ತಿದ್ದುದನ್ನು ಅವರು ಮುಂದೆ ನೆನೆದಿದ್ದಾರೆ. ಆದರೆ ಸ್ನೇಹಲತಾರ ಗಮನ ತಮ್ಮ ದೇಹದ ಮೇಲಷ್ಟೇ ನಿಲ್ಲುವುದಿಲ್ಲ. ಹೊಸದಾಗಿ ಬರುವ ಹೆಂಗಸರನ್ನು ಎಲ್ಲರೆದುರು ವಿವಸ್ತ್ರಗೊಳಿಸುವ ಪದ್ಧತಿಯನ್ನು ಅವರು ಖಂಡಿಸುತ್ತಾರೆ. ಕೈದಿಗಳ ಮೇಲಿನ ಹೊಡೆತವನ್ನು ವಿರೋಧಿಸುತ್ತಾರೆ, ಊಟ ಸುಧಾರಿಸಬೇಕೆಂದು ಹಟ ಹಿಡಿಯುತ್ತಾರೆ, ಉಪವಾಸ ಕೂಡುತ್ತಾರೆ, ಸಹಬಂಧಿಗಳಿಗೆ ಆಟ-ಹಾಡುಗಳನ್ನು ಕಲಿಸುತ್ತಾರೆ. ರಂಗಭೂಮಿಯ ಅನುಭವವು ಸೆರೆಮನೆಯಲ್ಲಿ ಜನರನ್ನು ಒಂದುಗೂಡಿಸುವ ಕೌಶಲವಾಗಿ ಪರಿಣಮಿಸಿತು. ಮೀಸಾ ಬಂಧಿಯೊಬ್ಬಳು ಸಾಮಾನ್ಯ ಕೈದಿಗಳ ಪರವಾಗಿ ಮಾಡಿದ ಈ ಹೋರಾಟಕ್ಕೆ ಹೊರಗಿನ ಯಾವ ನಾಯಕನ ಆದೇಶವೂ ಇರಲಿಲ್ಲ.

ಈಗ ಮಿರಬಾಲ್ ಸಹೋದರಿಯರತ್ತ ತಿರುಗೋಣ. ೧೯೩೦ರಿಂದ ದೇಶವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ತ್ರುಹಿಯೊ ವಿರುದ್ಧ ಕಟ್ಟಿದ 'ಜೂನ್ ೧೪' ಚಳವಳಿಯಲ್ಲಿ ಪಾತ್ರಿಯಾ, ಮಿನರ್ವಾ, ಮರಿಯಾ ತೆರೇಸಾ ಎಂಬ ಮೂವರು ಪಾಲ್ಗೊಂಡರು. ಸೆರೆಯಲ್ಲಿದ್ದ ಗಂಡಂದಿರನ್ನು ಕಂಡು ಮರಳುವಾಗ, ೧೯೬೦ರ ನವೆಂಬರ್ ೨೫ರಂದು, ಮೂವರನ್ನೂ ಅವರ ಚಾಲಕನನ್ನೂ ಕೊಲ್ಲಲಾಯಿತು. ಮರುವರ್ಷದ ಮೇ ೩೦ರಂದು ತ್ರುಹಿಯೊ ಹತನಾದನು. ಚಳವಳಿಗೆ ಸೇರದೆ ಉಳಿದ ಸಹೋದರಿ ದೆದೆ, ತಂಗಿ-ಅಕ್ಕಂದಿರ ಮಕ್ಕಳನ್ನು ಸಾಕಿ, ೨೦೧೪ರವರೆಗೆ ಬದುಕಿ, ಅವರ ನೆನಪನ್ನು ಕಾಪಾಡಿದರು. ಈ ಮನೆಯಲ್ಲಿ ಗಂಡಸರು ಮೊದಲು ನಡೆದು ಹೆಂಗಸರು ಹಿಂಬಾಲಿಸಿದರೆಂದು ಹೇಳಲು ಬರುವುದಿಲ್ಲ. ಮಿನರ್ವಾ ಮದುವೆಗೆ ಮುಂಚೆಯೇ ತ್ರುಹಿಯೊನ ವಿರೋಧ ಕಟ್ಟಿಕೊಂಡವರು. ಕಾನೂನು ಓದಿ ಪದವಿ ಪಡೆದರೂ ವಕೀಲಿ ಮಾಡಲು ಅವರಿಗೆ ಅನುಮತಿ ದೊರೆಯಲಿಲ್ಲ.

ಆಲ್ವರೆಜ್ ತಮ್ಮ ಕಾದಂಬರಿಯಲ್ಲಿ ನಾಲ್ವರ ಬಾಯಿಯಿಂದಲೂ ಕಥೆ ಹೇಳಿಸುತ್ತಾರೆ. ಕಿರಿಯಳ ಸೆರೆವಾಸವನ್ನು ಹೇಳುವುದಕ್ಕೆ ಅವರು ಆರಿಸಿಕೊಂಡುದು ದಿನಚರಿಯ ರೂಪವನ್ನೇ. ಅದರಲ್ಲಿ ಹರಿದ ಹಾಳೆಗಳೂ ಇವೆ. ಈ ಹರುಕು ಲೇಖಕಿಯ ಯೋಜನೆ. ಓದುಗನ ಕುತೂಹಲವನ್ನು ಬಲ್ಲ ಕೈ ಅಲ್ಲಿ ಕೆಲಸ ಮಾಡಿದೆ. ಬೆಂಗಳೂರಿನ ದಿನಚರಿಯಲ್ಲಿ ಇಂಥ ಯೋಜನೆಯಿಲ್ಲ. ನಾಳೆ ಬಿಡುಗಡೆಯೋ ಇನ್ನೊಂದು ವರ್ಷದ ಸೆರೆಯೋ ಎಂಬುದನ್ನು ಅರಿಯದೆ ಬರೆದ ಪುಟಗಳವು. ಕಲೆಯ ದೃಷ್ಟಿಯಿಂದ ಇದು ಕೊರತೆಯಾಗಬಹುದು. ಚರಿತ್ರಕಾರನಿಗೆ ಇದೇ ಅದರ ಬೆಲೆ. ಆದರೆ ಕಾದಂಬರಿಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಆಲ್ವರೆಜ್ ಸಹೋದರಿಯರನ್ನು ಪೂಜೆಯ ಪೀಠದಿಂದ ಇಳಿಸಿ, ಅಂಜಿಕೆ, ಮತ್ಸರ, ಹಟಗಳುಳ್ಳ ಮನುಷ್ಯರನ್ನಾಗಿ ಕಾಣುತ್ತಾರೆ; ಮನೆಯಲ್ಲಿಯೇ ಉಳಿದ ದೆದೆಗೂ ಸಮನಾದ ಸ್ಥಾನ ಕೊಡುತ್ತಾರೆ. ಸ್ನೇಹಲತಾರಿಗೆ ಇಂಥ ನ್ಯಾಯ ಕನ್ನಡದಲ್ಲಿ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಎರಡು ಆಳ್ವಿಕೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ತ್ರುಹಿಯೊನದು ಮೂವತ್ತೊಂದು ವರ್ಷಗಳ ಆಳ್ವಿಕೆ. ನಮ್ಮ ತುರ್ತುಪರಿಸ್ಥಿತಿ ಇಪ್ಪತ್ತೊಂದು ತಿಂಗಳಿನದು, ಚುನಾವಣೆಯಿಂದ ಕೊನೆಗೊಂಡುದು. ಆದರೆ ಕುಟುಂಬವನ್ನು ಒತ್ತೆಯಾಗಿ ಹಿಡಿಯುವ ಉಪಾಯ ಎರಡರಲ್ಲಿಯೂ ಕಾಣುತ್ತದೆ. ಜಾರ್ಜರ ಸುಳಿವಿಗಾಗಿ ತಮ್ಮ ಲಾರೆನ್ಸರನ್ನು ೧೯೭೬ರ ಮೇ ೧ರಂದು ಬೆಂಗಳೂರಿನಲ್ಲಿ ಹಿಡಿದು ಪೊಲೀಸರು ಚಿತ್ರಹಿಂಸೆಗೆ ಗುರಿಪಡಿಸಿದರು. ತಾಯಿ ಆಲಿಸ್ ಫರ್ನಾಂಡಿಸರು ಆ ಹಿಂಸೆಯ ವಿವರವನ್ನು ರಾಷ್ಟ್ರಪತಿಗಳಿಗೆ ಬರೆದು ತಿಳಿಸಿದರು. ಮಕ್ಕಳನ್ನು ಕಳೆದುಕೊಳ್ಳುವ ಭಯದಲ್ಲಿದ್ದ ತಾಯಿಯು ಸುಮ್ಮನಿರಲೆಂದು ಸರಕಾರ ಬಯಸಿದ್ದ ಕಾಲದಲ್ಲಿ ಬರೆದ ಆ ಪತ್ರವೂ ಪ್ರತಿಭಟನೆಯ ಒಂದು ದಾಖಲೆಯೇ.

ಉತ್ತರ ಕರ್ನಾಟಕದ ಓದುಗರಿಗೆ ಈ ಮಾತು ಹೊಸದಾಗಿ ತೋರಬಾರದು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರರು ಹೆಂಗಸರಿಗಾಗಿ ಕಟ್ಟಿದ ಸಂಸ್ಥೆಯ ಹೆಸರೇ 'ಭಗಿನೀ ಮಂಡಲ'. ಅವರನ್ನು ಓದಿಸಿ ಸಾರ್ವಜನಿಕ ಕಾರ್ಯಕ್ಕೆ ಪ್ರೋತ್ಸಾಹಿಸಿದವರು ಮಾವನವರಾದ ಆನಂದರಾಯರು. ೧೯೩೨ರಲ್ಲಿ ಉಮಾಬಾಯಿಯವರು ಯರವಡಾ ಸೆರೆಮನೆಗೆ ಹೋದಾಗ ಬ್ರಿಟಿಷ್ ಸರಕಾರವು ಅವರ ಮುದ್ರಣಾಲಯವನ್ನೂ ಶಾಲೆಯನ್ನೂ ವಶಪಡಿಸಿಕೊಂಡಿತು. ಖಾದಿಯ ಕಾರ್ಯಕ್ರಮವು ಮನೆಯ ಪಡಸಾಲೆಗೆ ಚರಕವನ್ನು ತಂದು, ಅಡುಗೆಮನೆಯವರೆಗೂ ರಾಜಕೀಯವನ್ನು ಒಯ್ದಿದ್ದಿತು. ೧೯೫೭ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಮೂಲಕ ನಮ್ಮ ಬೆಂಗೇರಿಗೆ ಬಂದ ಪರಂಪರೆ ಇದೇ. ಅಲ್ಲಿ ರಾಷ್ಟ್ರಧ್ವಜವನ್ನು ಹೊಲಿಯುವ ಕೈಗಳು ಬಹುತೇಕ ಹೆಂಗಸರವು. ಮನೆಯನ್ನು ಹೋರಾಟದ ಕ್ಷೇತ್ರವನ್ನಾಗಿ ಹೆಂಗಸರೇ ಮಾಡಿಕೊಂಡ ನಾಡಿನಲ್ಲಿ, ಅವರು ಮನೆಯಿಂದ ಹೊರಗೆ 'ಎಳೆಯಲ್ಪಟ್ಟರು' ಎಂದು ಬರೆಯುವುದು ನಮ್ಮ ಚರಿತ್ರೆಗೇ ವಿರುದ್ಧವಾದುದು.

ದಿನಚರಿಗೆ ಮಿತಿಗಳಿಲ್ಲದಿಲ್ಲ. ಅದು ಬರೆದಾಕೆಯ ಮರಣಾನಂತರ, ಒಂದು ಉದ್ದೇಶವಿಟ್ಟುಕೊಂಡು, ಸಮಿತಿಯೊಂದು ಹೊರತಂದ ಗ್ರಂಥ. ವಿದ್ಯಾವಂತ ಮನೆತನದ ಬಂಧಿಯ ಬರಹ ಉಳಿದುಕೊಂಡಿತು. ಆಕೆಯ ಪಕ್ಕದಲ್ಲಿಯೇ ಏಟು ತಿಂದ ಬಡ ಹೆಂಗಸರ ಬರಹವಿಲ್ಲ. ಅವರನ್ನು ನಾವು ಆಕೆಯ ಕಣ್ಣಿನಿಂದಲೇ ನೋಡಬೇಕಾಗಿದೆ. ಆದುದರಿಂದ ಈ ದಿನಚರಿಯನ್ನು ಒಬ್ಬಳ ಬಲಿದಾನದ ಸ್ಮಾರಕವನ್ನಾಗಿ ಮಾತ್ರ ಇಟ್ಟುಕೊಳ್ಳದೆ, ೧೯೭೬ರಲ್ಲಿ ಕರ್ನಾಟಕದ ಹೆಣ್ಣುಕೈದಿಗಳ ಸ್ಥಿತಿಯನ್ನು ತಿಳಿಸುವ ದಾಖಲೆಯನ್ನಾಗಿಯೂ ಓದಬೇಕು. ಆಕೆ ಬರೆಯುವಾಗ ಲೋಕಕ್ಕೆ ತಿಳಿಸಬಯಸಿದುದು ತನ್ನೊಬ್ಬಳ ಸಂಕಟವನ್ನಷ್ಟೇ ಅಲ್ಲ.

ಅದನ್ನು ಹಾಗೆ ಓದಲು ಕನ್ನಡದಲ್ಲಿ ಒಂದು ಸಟೀಕವಾದ ಆವೃತ್ತಿ ಬೇಕು. ಸೆರೆಮನೆಯ ಕಡತಗಳು, ಸಹಬಂಧಿಗಳ ಹೇಳಿಕೆಗಳು, ಕುಟುಂಬದವರ ನೆನಪುಗಳು ಅದರ ಜೊತೆಗಿರಬೇಕು. ಆ ಕಾಲವನ್ನು ಕಂಡವರು ಈಗ ಮುಪ್ಪಿನಲ್ಲಿದ್ದಾರೆ. ನಮ್ಮ ವಿಭಾಗದ ಸಂಶೋಧಕರು ಈ ಕೆಲಸವನ್ನು ತಡಮಾಡದೆ ಕೈಕೊಳ್ಳುವುದು ಅವಶ್ಯ.