‘ಪರಿಶೀಲಿಸಲಾಗಲಿಲ್ಲ’: ಕರ್ತೃವಿಲ್ಲದ ಒಂದು ಸಂದೇಶ

2019ರ ಮೇ 4ರಂದು ಫೈರ್‌ಫಾಕ್ಸ್ ಬ್ರೌಸರ್ ಲೋಕದಾದ್ಯಂತ ತನ್ನ ಬಳಕೆದಾರರಿಗೆ ನೀಡಿದ ಎಚ್ಚರಿಕೆಯೊಂದು ಭಾಷೆಯ ದೃಷ್ಟಿಯಿಂದ ಇಂದಿಗೂ ವಿಮರ್ಶಾರ್ಹವಾಗಿದೆ. ಅಳವಡಿಸಿಕೊಂಡ ಆಡ್-ಆನ್‌ಗಳನ್ನು ಪರಿಶೀಲಿಸಲಾಗದ ಕಾರಣ ಅವನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂಬುದು ಆ ಇಂಗ್ಲಿಷ್ ಸಂದೇಶದ ತಾತ್ಪರ್ಯ. ಓದಿದವರು ದೋಷ ಆಡ್-ಆನ್‌ನಲ್ಲಿಯೇ ಇದೆಯೆಂದು ಭಾವಿಸುವುದು ಸಹಜ. ಆದರೆ ಅವಧಿ ಮುಗಿದಿದ್ದುದು ಆಡ್-ಆನ್‌ಗಳ ಸಹಿಯನ್ನು ದೃಢಪಡಿಸಲು ಮೊಜಿಲ್ಲಾ ಸಂಸ್ಥೆಯೇ ಬಳಸುತ್ತಿದ್ದ ಪ್ರಮಾಣಪತ್ರದ್ದು. ತಪ್ಪು ಪರೀಕ್ಷಕರದು, ಆರೋಪ ಬಂದುದು ಪರೀಕ್ಷೆಗೆ ಒಳಗಾದುದರ ಮೇಲೆ.

ಇಂತಹ ವಾಕ್ಯವನ್ನು ಕನ್ನಡಕ್ಕೆ ತರುವವರಿಗೆ ‘ಪರಿಶೀಲಿಸಲಾಗಲಿಲ್ಲ’ ಎಂಬ ರೂಪ ಒಡನೆಯೇ ಒದಗುತ್ತದೆ. ತೊಡಕು ಇರುವುದೂ ಅಲ್ಲಿಯೇ. ‘ಪರಿಶೀಲಿಸಲಾಯಿತು’ ಎಂಬ ಕರ್ಮಣಿ ಪ್ರಯೋಗದ ನಿಷೇಧವೆಂದು ಓದಿದರೆ, ಪರಿಶೀಲನೆ ನಡೆಯಲಿಲ್ಲ ಎಂದರ್ಥ. ‘ನನ್ನಿಂದ ಬರಲಾಗಲಿಲ್ಲ’ ಎಂಬಲ್ಲಿಯಂತೆ ಓದಿದರೆ, ಯತ್ನಿಸಿದರೂ ಸಾಧ್ಯವಾಗಲಿಲ್ಲ ಎಂದರ್ಥ. ಪರಿಶೀಲನೆಯಲ್ಲಿ ಅನುತ್ತೀರ್ಣವಾಯಿತು ಎಂಬ ಮೂರನೆಯ ಅರ್ಥವನ್ನು ಓದುಗರು ತಾವೇ ಕಲ್ಪಿಸಿಕೊಳ್ಳುತ್ತಾರೆ. ಇಂಗ್ಲಿಷ್ ಕರ್ತೃವನ್ನು ಮರೆಮಾಡಿತು. ನಮ್ಮ ಅನುವಾದ ಕ್ರಿಯೆಯನ್ನೂ ಮಸುಕುಗೊಳಿಸುತ್ತದೆ.

‘ನಿಷ್ಕ್ರಿಯ’ ಎಂಬ ಪದದ ಪರಿಣಾಮವೂ ಸಣ್ಣದಲ್ಲ. ನಿಷ್ಕ್ರಿಯವಾದುದನ್ನು ಮತ್ತೆ ಚಾಲನೆಗೊಳಿಸಬಹುದು. ತೆಗೆದುಹಾಕಿದರೆ ಅದರೊಳಗಿನ ದತ್ತಾಂಶವೂ ಅಳಿಯಬಹುದು. ಆಡ್-ಆನ್‌ಗಳನ್ನು ತೆಗೆದುಹಾಕಿ ಮರಳಿ ಅಳವಡಿಸಬೇಡಿರೆಂದು ಮೊಜಿಲ್ಲಾ ಅಂದು ಬೇರೆಯಾಗಿಯೇ ಹೇಳಬೇಕಾಯಿತು. ಸಂದೇಶ ಸ್ಪಷ್ಟವಾಗಿದ್ದರೆ ಆ ಮಾತನ್ನು ಅದೇ ಹೇಳುತ್ತಿತ್ತು.

‘ಆಡ್-ಆನ್’ ಎಂಬ ಹೆಸರೂ ವಿವೇಚನೆಗೆ ತಕ್ಕುದು. ಫೈರ್‌ಫಾಕ್ಸ್‌ನಲ್ಲಿ ವಿಸ್ತರಣೆ, ಥೀಮ್, ಕಾಗುಣಿತ ನಿಘಂಟು, ಭಾಷಾ ಪ್ಯಾಕ್ ಎಲ್ಲವೂ ಆ ಒಂದೇ ಹೆಸರಿನಡಿ ಬರುತ್ತವೆ. ಕಂಪ್ಯೂಟರು ಬೇರೆ ಭಾಷೆಯಲ್ಲಿ ಸಜ್ಜಾಗಿ ಕೈಸೇರಿದ ಮೇಲೆ ಕನ್ನಡವನ್ನು ತಾವೇ ಅಳವಡಿಸಿಕೊಳ್ಳುವ ಗಡಿಯಾಚೆಯ ಓದುಗರಿಗೆ ಈ ಭೇದ ಕೇವಲ ಪಾರಿಭಾಷಿಕವಲ್ಲ. ನಿಂತುಹೋದುದು ಅಲಂಕಾರದ ಥೀಮೋ, ಅವರ ಕನ್ನಡವೋ ಎಂಬುದು ಸಂದೇಶದಿಂದ ತಿಳಿಯಬೇಕು.

ಆದ್ದರಿಂದ ಅನುವಾದಕರು ಮೂಲದ ಪದಗಳಿಗೆ ಸಮಾನಪದ ಹುಡುಕುವ ಮೊದಲು, ಯಾರು, ಯಾವುದನ್ನು, ಏಕೆ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ‘ಈ ವಿಸ್ತರಣೆಯ ಸಹಿಯನ್ನು ದೃಢಪಡಿಸಿಕೊಳ್ಳಲು ಫೈರ್‌ಫಾಕ್ಸ್‌ಗೆ ಸಾಧ್ಯವಾಗಲಿಲ್ಲ; ಆದ್ದರಿಂದ ಅದನ್ನು ತಡೆಹಿಡಿದಿದೆ. ನಿಮ್ಮ ದತ್ತಾಂಶ ಉಳಿದಿದೆ’ ಎಂಬ ವಾಕ್ಯ ಮೂಲಕ್ಕಿಂತ ದೀರ್ಘ, ನಿಜ. ಆದರೆ ಅದರಲ್ಲಿ ಕರ್ತೃವಿದೆ, ಕಾರಣವಿದೆ, ಓದುಗರಿಗೆ ಬೇಕಾದ ಭರವಸೆಯೂ ಇದೆ. ಪರಿಭಾಷೆಯ ಪಟ್ಟಿಗಳನ್ನು ಎಷ್ಟು ಬೆಳೆಸಿದರೂ ವಾಕ್ಯದ ಈ ಹೊಣೆಯನ್ನು ಅವು ಹೊರಲಾರವು.