ನಿಘಂಟು ಕ್ರಮವೂ ನಿಯತ ಶ್ರೇಣಿಯೂ: ಒಂದು ಊಹೆಯ ವಿಮರ್ಶೆ

ಒಳಗಿನ ಬಹುಪದೋಕ್ತಿಗಳನ್ನು ಕೂಡಿದರೂ, ಯಾವ ಬಹುಪದೋಕ್ತಿಯಿಂದ ಗುಣಿಸಿದರೂ ಹೊರಕ್ಕೆ ಹೋಗದ ಸಮೂಹಕ್ಕೆ ಬೀಜಗಣಿತದಲ್ಲಿ ಐಡಿಯಲ್ ಎಂದು ಹೆಸರು. ಸಮಘಾತವಾದ ಐಡಿಯಲ್ಲಿನ ಹೊರಗೆ ಒಂದೊಂದು ಘಾತದಲ್ಲಿಯೂ ಎಷ್ಟು ಸ್ವತಂತ್ರ ಬಹುಪದೋಕ್ತಿಗಳು ಉಳಿಯುವುವೆಂಬುದೇ ಅದರ ಹಿಲ್ಬರ್ಟ್ ಗಣನೆ. ಈ ಗಣನೆಯ ಮಿತಿಯನ್ನು ಎಫ್. ಎಸ್. ಮೆಕಾಲೆಯವರು 1927ರಲ್ಲಿ ನಿರ್ಣಯಿಸಿದರು. ಪದಗಳನ್ನು ನಿಘಂಟಿನ ಅಕ್ಷರಕ್ರಮದಲ್ಲಿರಿಸಿ ಮೊದಲಿನವುಗಳನ್ನೇ ಆರಿಸಿಕೊಂಡರೆ, ಸಾಧ್ಯವಾದ ಪ್ರತಿಯೊಂದು ಗಣನೆಯೂ ದೊರೆಯುವುದೆಂಬುದೇ ಅವರ ಪ್ರಮೇಯದ ಸಾರ.

ಐಸೆನ್‌ಬಡ್, ಗ್ರೀನ್, ಹ್ಯಾರಿಸ್ ಎಂಬ ಮೂವರು 1993ರಲ್ಲಿ ಮುಂದಿಟ್ಟ ಊಹೆಯು ಈ ಮಿತಿಯನ್ನು ಬಿಗಿಗೊಳಿಸುವುದು. ತನ್ನ ಹಿಂದಿನವುಗಳ ಮೇಲೆ ಪ್ರತಿಯೊಂದೂ ನಿಜವಾಗಿ ಹೊಸ ನಿರ್ಬಂಧವನ್ನು ಹೇರುವ ಬಹುಪದೋಕ್ತಿಗಳ ಸಾಲೇ ನಿಯತ ಶ್ರೇಣಿ. ಅಂತಹ ಶ್ರೇಣಿಯುಳ್ಳ ಐಡಿಯಲ್ಲಿನ ಗಣನೆಯನ್ನು, ಅವೇ ಘಾತಗಳಿಗೆ ಏರಿಸಿದ ಚರಾಕ್ಷರಗಳಿಂದಲೂ ನಿಘಂಟು ಕ್ರಮದ ಪದಗಳಿಂದಲೂ ರಚಿತವಾದ ಐಡಿಯಲ್ಲಿನಿಂದ ಪಡೆಯಬಹುದೆಂಬುದು ಅವರ ಪ್ರತಿಜ್ಞೆ.

ಇದರ ಬಲವು ಒಂದು ಉದಾಹರಣೆಯಿಂದ ವಿಶದವಾಗುವುದು. ಮೂರು ಚರಾಕ್ಷರಗಳಲ್ಲಿ ಮೂರು ದ್ವಿಘಾತಗಳ ನಿಯತ ಶ್ರೇಣಿಯು ಉಳಿಸುವ ಗಣನೆ 1, 3, 3, 1. ಸ್ವತಂತ್ರವಾದ ನಾಲ್ಕನೆಯ ದ್ವಿಘಾತವನ್ನು ಸೇರಿಸಿದರೆ ಎರಡನೆಯ ಘಾತದಲ್ಲಿ ಉಳಿಯುವುದು 2. ಮೂರನೆಯ ಘಾತದಲ್ಲಿ ಮೆಕಾಲೆಯವರ ಮಿತಿಯು 2ರವರೆಗೆ ಎಡೆಗೊಡುವುದು. ಊಹೆಯ ಮಿತಿಯಾದರೋ 0. ವಸ್ತುಸ್ಥಿತಿಯೂ 0 ಎಂದೇ ಸಿದ್ಧವಾಗಿದೆ. ಜ್ಯಾಮಿತಿಯಲ್ಲಿ ಇದಕ್ಕೆ ಸಂಬಂಧಿಸಿದ ಸಂಗತಿ ಹಳೆಯದು: ಮೂರು ದ್ವಿಘಾತ ತಲಗಳು 8 ಬಿಂದುಗಳಲ್ಲಿ ಸಂಧಿಸಿದರೆ, ಅವುಗಳಲ್ಲಿ 7ರ ಮೂಲಕ ಹಾಯುವ ದ್ವಿಘಾತ ತಲವು 8ನೆಯದನ್ನು ತಪ್ಪಿಸಲಾರದು.

ಆದರೆ ಇದುವರೆಗಿನ ಸಾಧನೆಗಳನ್ನು ತೂಗಿ ನೋಡುವುದು ಅವಶ್ಯಕ. ಶ್ರೇಣಿಯು ಚರಾಕ್ಷರಗಳ ಶುದ್ಧ ಘಾತಗಳೇ ಆಗಿರುವ ಸಂದರ್ಭವನ್ನು ಕ್ಲೆಮೆಂಟ್ಸ್ ಮತ್ತು ಲಿಂಡ್‌ಸ್ಟ್ರೋಮ್ ಅವರು 1969ರಲ್ಲಿಯೇ ಸಾಧಿಸಿದ್ದರು. ಘಾತಗಳು ತೀವ್ರವಾಗಿ ಏರುವ ಸಂದರ್ಭವನ್ನು ಕವೀಲ್ಯ ಮತ್ತು ಮೆಕ್ಲಾಗನ್ ಅವರು 2008ರಲ್ಲಿ ಸಾಧಿಸಿದರು. ಶ್ರೇಣಿಯ ಬಹುಪದೋಕ್ತಿಗಳು ಏಕಘಾತ ಅಪವರ್ತನಗಳಾಗಿ ಒಡೆಯುವ ಸಂದರ್ಭವನ್ನು ಅಬೆದೆಲ್‌ಫತ್ತಾಹ್ ಅವರು 2015ರಲ್ಲಿ ಸಾಧಿಸಿದರು. ಇವು ಸ್ತುತ್ಯವೇ ಸರಿ. ಆದರೂ ಎರಡನೆಯದರ ನಿಬಂಧನೆಯಂತೆ ಪ್ರತಿಯೊಂದು ಘಾತವೂ ಹಿಂದಿನ ಘಾತಗಳಿಂದ ಒಂದೊಂದನ್ನು ಕಳೆದು ಕೂಡಿದ ಮೊತ್ತವನ್ನು ಮೀರಬೇಕು. ಮೂರನೆಯ ದ್ವಿಘಾತಕ್ಕೆ 2 ಎಂಬುದು 2ನ್ನು ಮೀರದೆ ನಿಬಂಧನೆ ಮುರಿಯುವುದು. ಕೊನೆಯದರಲ್ಲಿ ಒಡೆಯದ ಸಾಮಾನ್ಯ ದ್ವಿಘಾತಗಳಿಗೆ ಸ್ಥಾನವಿಲ್ಲ. ಊಹೆಯು ಹುಟ್ಟಿದ್ದು ದ್ವಿಘಾತಗಳ ವಿಚಾರದಲ್ಲಿಯೇ. ಸಾಧಕರ ಉಪಾಯಗಳು ಸುತ್ತಿಹೋಗುವುದೂ ಅದನ್ನೇ.

ಆದುದರಿಂದ ಸಾಧಿತ ಸಂದರ್ಭಗಳ ಸಂಖ್ಯೆಯನ್ನು ಊಹೆಯ ಸತ್ಯತೆಗೆ ಪ್ರಮಾಣವೆಂದು ಎಣಿಸುವುದು ಯುಕ್ತವಲ್ಲ. ಅಕ್ಷರಕ್ರಮವನ್ನೇ ಅರಿಯದ ಸಾಮಾನ್ಯ ಶ್ರೇಣಿಯು ನಿಘಂಟಿನ ಮಿತಿಗೆ ಏಕೆ ತಲೆಬಾಗಬೇಕೆಂಬ ಕಾರಣವು ಇನ್ನೂ ಪೂರ್ಣವಾಗಿ ದೊರೆತಿಲ್ಲ. ಆ ಕಾರಣವನ್ನು ತೋರಿಸುವ ಸಾಧನೆಯೇ ಈ ಊಹೆಗೆ ತಕ್ಕ ಉತ್ತರವಾಗುವುದು.